ಬೋರ್ಡೋದ ವಾಸನೆ, ತಿಕೋಟಾದ ಮೂಗು

ಮೂಗಿನಿಂದ ನೋಡಬೇಕಾದ ಸಂಗ್ರಹಾಲಯವನ್ನು ಮೊಬೈಲ್‌ನಲ್ಲಿ ನೋಡಲು ಹೊರಡುವ ಧೈರ್ಯ ನಮ್ಮ ಮನೆತನದವರಿಗಲ್ಲದೆ ಬೇರೆ ಯಾರಿಗೂ ಬರಲಿಕ್ಕಿಲ್ಲ. ಕಾಕಾನ ಮಗ, ಅಂದರೆ ನನ್ನ ತಮ್ಮ, ಓದಲೆಂದು ಫ್ರಾನ್ಸಿನ ಬೋರ್ಡೋ ನಗರ ಸೇರಿದ್ದಾನೆ. ಅಲ್ಲಿ ಗರೋನ್ ನದಿಯ ದಂಡೆಯಲ್ಲಿ 2016ರಲ್ಲಿ ಬಾಗಿಲು ತೆರೆದ ‘ಸಿತೆ ದ್ಯು ವ್ಯಾನ್’ ಎಂಬ ವೈನ್ ಸಂಗ್ರಹಾಲಯವಿದೆ. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಮಡಕೆ ಇಟ್ಟು ‘ಮುಟ್ಟಬೇಡಿ’ ಎಂದು ಫಲಕ ಹಾಕುವ ಪೈಕಿಯದಲ್ಲ. ಅಲ್ಲಿ ಗುಂಡಿ ಒತ್ತಬೇಕು, ಕಿವಿಗೊಡಬೇಕು, ಮೂಸಬೇಕು. “ಎಲ್ಲರೂ ಕೂಡಿರಿ, ತೋರಿಸುತ್ತೇನೆ” ಎಂದು ಅವನು ಒಂದು ಭಾನುವಾರ ವಿಡಿಯೋ ಕರೆ ಮಾಡಿದ.

ವಿಜಯಪುರದ ನಮ್ಮ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕುಳಿತೆವು. ಅಜ್ಜಿ ಮೊದಲೇ ಷರತ್ತು ಹಾಕಿದರು: ಮೊಬೈಲ್‌ನ ಮುಖ ದೇವರ ಕೋಣೆಯ ಕಡೆ ತಿರುಗಬಾರದು. “ಮಕ್ಕಳು ಇಂಥದ್ದನ್ನೆಲ್ಲ ನೋಡಬಾರದು” ಎಂದು ಕಾಕು ನನ್ನ ಮಗನನ್ನೂ ತಂಗಿಯ ಮಗಳನ್ನೂ ಅಡುಗೆಮನೆಗೆ ಅಟ್ಟಿದರು. ಬಾಗಿಲ ಪರದೆಯ ಕೆಳಗೆ ನಾಲ್ಕು ಪಾದಗಳು ಕಾಣುತ್ತಿದ್ದವು. ಯಾರೂ ಗಮನಿಸಲಿಲ್ಲ.

ಮೊದಲು ಕಟ್ಟಡದ ದರ್ಶನವಾಯಿತು. 55 ಮೀಟರ್ ಎತ್ತರದ, ಸುತ್ತಿ ಸುತ್ತಿ ಮೇಲೇಳುವ, ಹೊಳೆಯುವ ಗೋಪುರ. ಲೋಟದಲ್ಲಿ ತಿರುಗಿಸಿದ ವೈನಿನ ಹಾಗೆ ಕಾಣಲೆಂದು ಹೀಗೆ ಕಟ್ಟಿದ್ದಾರೆ ಎಂದು ತಮ್ಮ ವಿವರಿಸಿದ. ಕಾಕಾ ಕನ್ನಡಕ ಏರಿಸಿ ನೋಡಿದರು. ತಿಕೋಟಾದಲ್ಲಿ ಅವರದು ದ್ರಾಕ್ಷಿ ತೋಟ, ಪಕ್ಕದಲ್ಲೇ ಒಣದ್ರಾಕ್ಷಿ ಶೆಡ್. “ಬಿರುಗಾಳಿಗೆ ತಿರುಚಿಕೊಂಡ ನಮ್ಮ ಶೆಡ್ಡಿನಂತೆಯೇ ಇದೆ. ನಮಗೆ ಪರಿಹಾರ ಬರಲಿಲ್ಲ, ಇವರು ಟಿಕೆಟ್ ಇಟ್ಟಿದ್ದಾರೆ” ಎಂದರು.

ಒಳಗೆ ವಾಸನೆಯ ವಿಭಾಗ. ಗಂಟೆಯಾಕಾರದ ಗಾಜಿನ ಮುಚ್ಚಳಗಳೊಳಗೆ, ವೈನ್ ಮೂಸಿದಾಗ ನೆನಪಾಗುವ ಏನೇನೋ ವಸ್ತುಗಳು. ರಬ್ಬರ್ ಬುರುಡೆ ಒತ್ತಿದರೆ ಕೊಳವೆಯ ಬಾಯಿಂದ ವಾಸನೆ ಹೊರಗೆ ಬರುತ್ತದೆ. ವಸ್ತುವನ್ನು ತೋರಿಸದೆ, ತನ್ನ ಮೂಗನ್ನು ಮಾತ್ರ ತೋರಿಸಿ, ಏನೆಂದು ಊಹಿಸಿ ಎಂದ ತಮ್ಮ. ಅಡ್ಡಪ್ರಶ್ನೆ ಹಾಕುವುದರಲ್ಲಿ ಕಾಕುವನ್ನು ಮೀರಿಸಿದವರಿಲ್ಲ.

“ಹಳೆಯದೋ ಹೊಸದೋ?”

“ಹಳೆಯದು.”

“ಹಾಗಾದರೆ ಟ್ರಂಕಿನಲ್ಲಿಟ್ಟ ಇಳಕಲ್ ಸೀರೆ.”

ಅಲ್ಲ, ಚರ್ಮ. “ಇದಕ್ಕೆ ದುಡ್ಡು ಕೊಟ್ಟು ಅಷ್ಟು ದೂರ ಹೋಗಬೇಕಿತ್ತೇ? ನಮ್ಮ ಬಾಗಿಲ ಹೊರಗೆ ಎಷ್ಟು ಜೋಡಿ ಬೇಕು?” ಎಂದು ಅಜ್ಜಿ ಕೇಳಿದರು. ವೈನಿಗೆ ಚರ್ಮವನ್ನಾಗಲಿ ವೆನಿಲಾವನ್ನಾಗಲಿ ಯಾರೂ ಹಾಕುವುದಿಲ್ಲ, ವೆನಿಲಾದ ಪರಿಮಳ ಓಕ್ ಮರದ ಪೀಪಾಯಿಯಿಂದ ತಾನಾಗಿ ಇಳಿಯುತ್ತದೆ ಎಂದು ತಮ್ಮ ತಿಳಿಸಿ ಹೇಳಿದ. ಅಜ್ಜಿ ನಂಬಲಿಲ್ಲ.

ಅಷ್ಟರಲ್ಲಿ ಮೊಬೈಲ್ ಪರದೆಯ ಮೇಲೆ ಬಿಳಿ ಮೀಸೆಯೊಂದು ಮೂಡಿತು. ಪಕ್ಕದಲ್ಲಿ ಮೂಸುತ್ತಿದ್ದ ಹಿರಿಯರೊಬ್ಬರು. ಅವರದೂ ದ್ರಾಕ್ಷಿ ತೋಟವಂತೆ. ಸಂಗ್ರಹಾಲಯ ಅಲ್ಲಿಗೆ ಮುಗಿಯಿತು. ಕಾಕಾ ಮೊಬೈಲನ್ನು ವಶಪಡಿಸಿಕೊಂಡು, ಮುಷ್ಟಿ ತುಂಬ ಒಣದ್ರಾಕ್ಷಿಯನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದು ಪಾಠ ಶುರು ಮಾಡಿದರು: ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುವುದು, ಶೆಡ್ಡಿನ ಬಲೆಗಳ ಮೇಲೆ ಎರಡು ವಾರ ಹರಡುವುದು, ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಕೈಗೆ ಹತ್ತುವುದು. ತಮ್ಮ ಬೆವರುತ್ತ ಫ್ರೆಂಚ್‌ಗೆ ಇಳಿಸುತ್ತಿದ್ದ.

“ಎಕರೆಗೆ ಎಷ್ಟು ಟನ್ ತೆಗೆಯುತ್ತಾರೆ, ಕೇಳು.”

ಉತ್ತರ ಕೇಳಿ ಕಾಕಾ ಎದ್ದು ನಿಂತರು. ಅಲ್ಲಿ ಊರಿನ ಹೆಸರು ಹೊತ್ತ ವೈನಿಗೆ ಇಷ್ಟೇ ಇಳುವರಿ ಎಂದು ಕಾನೂನೇ ಮಿತಿ ಹಾಕಿದೆ. ಅದಕ್ಕಿಂತ ಹೆಚ್ಚು ಬೆಳೆಯುವುದೇ ತಪ್ಪು. ಸಾಲದ್ದಕ್ಕೆ, ಫಲ ಕೊಡುವ ಬಳ್ಳಿಗೆ ನೀರು ಹಾಯಿಸಲೂ ಸಾಮಾನ್ಯವಾಗಿ ಅನುಮತಿ ಇಲ್ಲ. ಬೋರ್‌ವೆಲ್ ಬತ್ತಿದ ವರ್ಷ ಟ್ಯಾಂಕರ್ ನೀರಿನಿಂದ ತೋಟ ಉಳಿಸಿಕೊಂಡ ಮನುಷ್ಯನಿಗೆ ಹೇಳುವ ಮಾತೇ ಇದು? ಕಾಕಾ ಮತ್ತೆ ಕುಳಿತು ನೀರು ಕುಡಿದರು.

ಬೆರಗಾಗುವ ಸರದಿ ಈಗ ಮೀಸೆಯವರದು. ಅಲ್ಲಿ ಚಳಿಗಾಲವಿಡೀ ಬಳ್ಳಿ ಮಲಗುತ್ತದೆ, ವರ್ಷಕ್ಕೆ ಒಮ್ಮೆ ಕತ್ತರಿ ಹಾಕಿದರೆ ಮುಗಿಯಿತು. ನಮ್ಮಲ್ಲಿ ಚಾಟ್ನಿ, ಅಂದರೆ ಬಳ್ಳಿಗೆ ಕತ್ತರಿ ಹಾಕುವುದು, ವರ್ಷಕ್ಕೆ ಎರಡು ಸಲ; ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎರಡೂ ಇವೆ, ಬೆಳೆ ಮಾತ್ರ ಒಂದೇ ಎಂದಾಗ ಅವರ ಹುಬ್ಬು ಟೋಪಿಯೊಳಗೆ ಹೋಯಿತು. ಹಾಗಾದರೆ ನಿಮ್ಮ ಬಳ್ಳಿ ನಿದ್ದೆ ಮಾಡುವುದು ಯಾವಾಗ? “ಮಾಲಕನಿಗೇ ನಿದ್ದೆ ಇಲ್ಲ, ಬಳ್ಳಿಗೆ ಎಲ್ಲಿಂದ ತರೋಣ ಅಂತ ಹೇಳು” ಎಂದರು ಕಾಕಾ. ಇದನ್ನು ತಮ್ಮ ಹೇಗೆ ಹೇಳಿದನೋ, ಅವರು ನಕ್ಕ ನಗೆಗೆ ನಮ್ಮ ಮೊಬೈಲ್ ನಡುಗಿತು.

ಇದೇ ಹೊತ್ತಿಗೆ ಅಡುಗೆಮನೆಯಲ್ಲಿ ಎರಡನೆಯ ಸಂಗ್ರಹಾಲಯದ ಉದ್ಘಾಟನೆಯಾಗಿತ್ತು. ಮಕ್ಕಳು ಒಂದೊಂದು ಬಟ್ಟಲಿನ ಮೇಲೂ ಸ್ಟೀಲ್ ಲೋಟ ಬೋರಲು ಹಾಕಿ ಇಂಗು, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಸಾಲಾಗಿ ಜೋಡಿಸಿದ್ದರು. ರಬ್ಬರ್ ಬುರುಡೆಯ ಕೊರತೆಯನ್ನು ಅಜ್ಜಿಯ ಬಿಪಿ ಯಂತ್ರ ನೀಗಿಸಿತು. ಬುರುಡೆಯನ್ನು ಕಿತ್ತು, ಅದರ ಕೊಳವೆಯನ್ನು ಬ್ಯಾಡಗಿ ಖಾರದ ಪುಡಿಯ ಡಬ್ಬಿಗೆ ಇಳಿಸಿ, ಪಡಸಾಲೆಯ ನಡುವೆ ತಂದು, “ಅಜ್ಜಿ, ಇದು ಯಾವ ವಾಸನೆ?” ಎಂದು ನನ್ನ ಮಗ ಬಲವಾಗಿ ಒತ್ತಿದ.

ಉತ್ತರ ಎಲ್ಲರಿಗೂ ಒಟ್ಟಿಗೇ ತಿಳಿಯಿತು. ಅಜ್ಜಿ ಸೀನಿದರು, ಕಾಕು ಸೀನಿದರು, ಕಾಕಾ ಫ್ಯಾನ್ ಹಾಕಿ ಕಾಲು ಭಾಗದಲ್ಲಿದ್ದ ಅನಾಹುತವನ್ನು ಪೂರ್ತಿ ಮಾಡಿದರು. ಮೊಬೈಲ್ ಜಮಖಾನೆಯ ಮೇಲೆ ಅಂಗಾತ ಬಿದ್ದು, ಬೋರ್ಡೋದವರಿಗೆ ನಮ್ಮ ತೊಲೆಗಳನ್ನೂ ನಡುನಡುವೆ ಹಾದುಹೋಗುವ ಕೆಂಪು ಮೂಗುಗಳನ್ನೂ ತೋರಿಸುತ್ತಿತ್ತು. ಮೀಸೆಯವರು ಆಂಬುಲೆನ್ಸ್ ಕರೆಯಬೇಕೇ ಎಂದು ಕೇಳುತ್ತಿದ್ದರಂತೆ, ಅದೂ ಬೋರ್ಡೋದಿಂದ.

ಕಣ್ಣೊರೆಸಿಕೊಂಡು ಮತ್ತೆ ಮೊಬೈಲ್ ಹಿಡಿಯುವ ಹೊತ್ತಿಗೆ ತಮ್ಮ ಎಂಟನೆಯ ಮಹಡಿ ಏರಿದ್ದ. ಟಿಕೆಟಿನ ಜೊತೆ ಅಲ್ಲಿ ಒಂದು ಲೋಟ ವೈನ್ ಸಿಗುತ್ತದೆ. ಮಕ್ಕಳಿಗೆ ದ್ರಾಕ್ಷಿ ರಸ. ಅವನ ಹಿಂದೆ ಇಡೀ ನಗರ, ಕೈಯಲ್ಲಿ ಕಡುಗೆಂಪು ಲೋಟ. ಪಡಸಾಲೆ ಮೌನವಾಯಿತು.

“ಅದೇನಪ್ಪ ಕೈಯಲ್ಲಿ?” ಎಂದರು ಅಜ್ಜಿ.

“ದ್ರಾಕ್ಷಿ ರಸ ಅಜ್ಜಿ.”

ಕಾಕಾ ಮೀಸೆಯೊಳಗೆ ಏನೋ ಗೊಣಗಿ ಜಂತಿ ಎಣಿಸತೊಡಗಿದರು. ಅಜ್ಜಿ ಮಾತ್ರ ಸೆರಗಿನಿಂದ ಮೂಗು ಒರೆಸಿಕೊಂಡು, ಕಕ್ಕುಲಾತಿಯಿಂದ ಹೇಳಿದರು: “ಎಷ್ಟು ಸೊರಗಿದ್ದೀಯಲ್ಲೋ! ಒಂದೇ ಲೋಟ ಯಾಕೆ, ಇನ್ನೊಂದು ಕೇಳಿ ಹಾಕಿಸಿಕೋ. ನಾಚಿಕೊಳ್ಳಬೇಡ.”

ಹುಟ್ಟಿದಾಗಿನಿಂದ ಹಿರಿಯರ ಯಾವ ಮಾತಿಗೂ ಒಮ್ಮೆಗೇ ಹೂಂ ಎಂದವನಲ್ಲ ಅವನು. “ಆಗಲಿ ಅಜ್ಜಿ” ಎಂದು ಕೌಂಟರಿನ ಕಡೆ ನಡೆದೇಬಿಟ್ಟ.