ಕ್ಯಾಂಟರ್ಬರಿಯ ಎರಡಂತಸ್ತಿನ ಗೋರಿ

ಇಂಗ್ಲೆಂಡಿನ ಕ್ಯಾಂಟರ್ಬರಿ ಕೆಥೆಡ್ರಲ್‌ನಲ್ಲಿರುವ, ನಾಡಿನ ಹಿರಿಯ ಧರ್ಮಗುರುವಾಗಿದ್ದ ಆರ್ಚ್‌ಬಿಷಪ್ ಹೆನ್ರಿ ಚಿಚೆಲಿಯ ಗೋರಿಯನ್ನು ವಿನಯದ ಸಾಕಾರ ಎಂದು ಹೊಗಳುವುದುಂಟು. ವಿನಯ ಇದೆ, ಒಪ್ಪುತ್ತೇನೆ. ಅದರ ಜೊತೆಗೆ ಸಾಕಷ್ಟು ಜಂಬವೂ ಇದೆ.

ಮೇಲಿನ ಅಂತಸ್ತಿನಲ್ಲಿ ಕಲ್ಲಿನ ಚಿಚೆಲಿ ಜರತಾರಿಯ ನಿಲುವಂಗಿ, ತಲೆಗೆ ಮುಕುಟ ತೊಟ್ಟು ಕೈಮುಗಿದು ಮಲಗಿದ್ದಾನೆ. ಮೈತುಂಬ ಬಣ್ಣ, ಚಿನ್ನ. ಕೆಳಗೆ, ಕಮಾನುಗಳ ಮರೆಯಲ್ಲಿ, ಅದೇ ಮನುಷ್ಯನ ಬೆತ್ತಲೆ ಹೆಣ: ಹಾಸಿದ ಶವವಸ್ತ್ರ, ಎಣಿಸಬಹುದಾದ ಪಕ್ಕೆಲುಬು, ಒಳಸರಿದ ಹೊಟ್ಟೆ. ಮುಕುಟವೂ ಇಲ್ಲ, ಮರ್ಯಾದೆಯೂ ಇಲ್ಲ. ಆತ ತೀರಿಕೊಂಡದ್ದು 1443ರಲ್ಲಿ. ಗೋರಿ ಸಿದ್ಧವಾದದ್ದು 1420ರ ದಶಕದಲ್ಲೇ. ಅಂದರೆ ಹದಿನೈದಕ್ಕೂ ಹೆಚ್ಚು ವರ್ಷ ಆತನ ಕಲ್ಲಿನ ಹೆಣ ಆತನದೇ ಚರ್ಚಿನಲ್ಲಿ ಬಿದ್ದುಕೊಂಡಿತ್ತು. ಅಷ್ಟು ಧೈರ್ಯ ನನಗಂತೂ ಇಲ್ಲ.

ಆದರೆ ಅಂಚಿನ ಲ್ಯಾಟಿನ್ ಬರಹ ನೋಡಿ. ಬಡವನಾಗಿ ಹುಟ್ಟಿದೆ, ಆಮೇಲೆ ಇಲ್ಲಿ ಪ್ರಧಾನ ಪೀಠಕ್ಕೇರಿದೆ, ಈಗ ನೆಲಕ್ಕುರುಳಿ ಹುಳುಗಳಿಗೆ ಊಟವಾಗಿದ್ದೇನೆ ಎನ್ನುತ್ತದೆ ಅದು. ಬಡವ? ಈತನ ಒಡಹುಟ್ಟಿದ ರಾಬರ್ಟ್ ಎರಡು ಸಲ ಲಂಡನ್ನಿನ ಮೇಯರ್ ಆಗಿದ್ದವನು! ಏರಿದ ಎತ್ತರ ಇನ್ನಷ್ಟು ಎದ್ದು ಕಾಣಲೆಂದು ಹೊರಟ ಜಾಗವನ್ನು ತುಸು ತಗ್ಗಿಸಿ ಹೇಳುವ ಚಾಳಿ ನಮ್ಮ ಕಾಲದ ದೊಡ್ಡವರದು ಮಾತ್ರವಲ್ಲ.

ಇಷ್ಟಾದರೂ ಈ ಗೋರಿ ನನಗೆ ಇಷ್ಟವಾಗಲು ಕಾರಣವಿದೆ. ಇದಕ್ಕೊಂದು ಕೆಲಸವಿತ್ತು. ಸತ್ತವರ ಆತ್ಮ ಶುದ್ಧೀಕರಣದ ಬೆಂಕಿಯಲ್ಲಿ ಬೇಯುತ್ತದೆ, ಬದುಕಿದ್ದವರ ಪ್ರಾರ್ಥನೆ ಆ ಯಾತನೆಯನ್ನು ಕಡಿಮೆ ಮಾಡುತ್ತದೆ ಎಂಬುದು ಅಂದಿನ ನಂಬಿಕೆ. ದಾರಿಹೋಕನನ್ನು ತಡೆದು, ನೀನೂ ಹೀಗೆಯೇ ಆಗುವವನು, ನನ್ನನ್ನು ನೆನೆ ಎಂದು ಬೇಡಲು ಆ ಹೆಣ ಬೇಕಿತ್ತು. ಈ ವಿಷಯದಲ್ಲಿ ಆತ ಕಲ್ಲನ್ನೊಂದೇ ನಂಬಿ ಕೂರಲಿಲ್ಲ. 1438ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಲ್ ಸೋಲ್ಸ್ ಕಾಲೇಜು ಕಟ್ಟಿಸಿ, ಸತ್ತವರಿಗಾಗಿ ಪ್ರಾರ್ಥಿಸುವುದನ್ನು ಅಲ್ಲಿನ ವಿದ್ವಾಂಸರ ಕರ್ತವ್ಯಗಳಲ್ಲಿ ಸೇರಿಸಿದ.

ಹಳೆಯ ಕ್ಯಾಥೊಲಿಕ್ ಆಚರಣೆಗಳನ್ನು ತಳ್ಳಿಹಾಕಿದ ಹದಿನಾರನೆಯ ಶತಮಾನದ ಮತಸುಧಾರಣೆ ಸತ್ತವರಿಗಾಗಿ ಪ್ರಾರ್ಥಿಸುವುದನ್ನೇ ಇಂಗ್ಲೆಂಡಿನಲ್ಲಿ ನಿಲ್ಲಿಸಿತು. ಗೋರಿಗಳು ಬೇಡುವುದನ್ನು ಬಿಟ್ಟು ಹೇಳಿಕೊಳ್ಳತೊಡಗಿದವು: ವಂಶ, ಲಾಂಛನ, ಪದವಿ, ಸಾಲಾಗಿ ಮಂಡಿಯೂರಿದ ಮಕ್ಕಳು. ಮುಂದೆ ಅದು ನಾಟಕದವರೆಗೂ ಹೋಯಿತು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶಿಲ್ಪಿ ರೂಬಿಯಾಕ್ ಕೆತ್ತಿದ, ನೈಟಿಂಗೇಲ್ ದಂಪತಿಯ 1761ರ ಸ್ಮಾರಕದಲ್ಲಿ ಅಸ್ಥಿಪಂಜರವೊಂದು ಬಾಗಿಲು ತೆರೆದು ಹೊರಬಂದು ಹೆಂಡತಿಯತ್ತ ಈಟಿ ಗುರಿಯಿಡುತ್ತದೆ, ಗಂಡ ಕೈಚಾಚಿ ತಡೆಯುತ್ತಾನೆ. ಕೈಚಳಕ ಅದ್ಭುತ. ಆದರೆ ಅಲ್ಲಿ ಸಾವು ಹೊರಗಿನಿಂದ ನುಗ್ಗುವ ಕಳ್ಳ, ನಾವು ಬರಿಯ ಪ್ರೇಕ್ಷಕರು. ಚಿಚೆಲಿ, ಅವನ ಜಂಬವೆಲ್ಲ ಇದ್ದೂ, ನೋಡುವವನನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.