ದೋಣಿಯವನ ಊಟದ ಕರೆ

ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಹಿಂದಿನ ರೂಮಿಗೆ ಕೈರೋದಿಂದ ಒಬ್ಬ ಎಂಜಿನಿಯರ್ ಬಂದ. ನಾನೂ ಎಂಜಿನಿಯರ್ ಎಂದು ಗೊತ್ತಾದದ್ದೇ ತಡ, ಎರಡೂ ಕೈ ಚಾಚಿ ಏನೋ ಅಂದ. ನನ್ನ ಕಿವಿಗೆ ಬಿದ್ದದ್ದು 'ಹಂದಿ' ಅಷ್ಟೇ.

ಬೆಳಿಗ್ಗೆ ಏಳು ಗಂಟೆ. ನಾನಿನ್ನೂ ಮುಖ ತೊಳೆದಿರಲಿಲ್ಲ. ಇರಬಹುದು ಎಂದು ಸುಮ್ಮನಾದೆ.

ಅವನು ಅಂದದ್ದು 'ಬಾಷ್‌ಮುಹಂದಿಸ್'. 'ಮುಹಂದಿಸ್' ಅಂದರೆ ಅರಬ್ಬಿಯಲ್ಲಿ ಎಂಜಿನಿಯರ್. ಈಜಿಪ್ಟಿನಲ್ಲಿ ಎಂಜಿನಿಯರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಆ ಮಾತಿನ ಹೊಟ್ಟೆಯಲ್ಲಿ ಕನ್ನಡದವರಿಗೆ ಏನು ಕೇಳಿಸುತ್ತದೆ ಎಂದು ನಾನು ಇವತ್ತಿಗೂ ಅವನಿಗೆ ಹೇಳಿಲ್ಲ. ನಾನು ಅವನನ್ನು ಕರೆಯುವುದು 'ಬಾಷಾ' ಎಂದು. ಅದೂ ಅವರ ಊರಿನ ಮರ್ಯಾದೆಯ ಮಾತೇ. ತುರ್ಕರ 'ಪಾಶಾ'. ಅರಬ್ಬಿಯಲ್ಲಿ 'ಪ' ಇಲ್ಲದ್ದರಿಂದ ಬಾಷಾ. ಈ 'ಪ' ಇಲ್ಲದ್ದಕ್ಕೆ ನಾವು ಮುಂದೆ 65 ಪೌಂಡ್ ತೆತ್ತೆವು. ಆ ಕಥೆಗೆ ಆಮೇಲೆ ಬರುತ್ತೇನೆ.

ಬಾಷಾ ಕೈರೋದಲ್ಲಿ ಕೂತೇ ಇಂಟರ್‌ನೆಟ್‌ನಲ್ಲಿ ಮನೆ ನೋಡಿಟ್ಟಿದ್ದ. ಥೇಮ್ಸ್ ಕಾಣುವ ಕಿಟಕಿ, ಬಾಡಿಗೆ 250 ಪೌಂಡ್. ಲಂಡನ್ ದುಬಾರಿ ಅನ್ನುವವರೆಲ್ಲ ಹೊಟ್ಟೆಕಿಚ್ಚಿನವರು ಎಂದು ಹೆಂಡತಿಗೆ ಹೇಳಿಯೂ ಆಗಿತ್ತು. ಬಾಡಿಗೆಯ ಪಕ್ಕದಲ್ಲಿ 'ಪಿ.ಡಬ್ಲ್ಯು.' ಎಂದಿತ್ತು. ಮಾಲೀಕನ ಇನಿಷಿಯಲ್ ಅಂದುಕೊಂಡನಂತೆ. ಅದು 'ಪರ್ ವೀಕ್'. ವಾರಕ್ಕೆ 250!

"ಹಾಗಾದರೆ ತಿಂಗಳಿಗೆ ಸಾವಿರ ತಾನೆ?" ಎಂದು ಬಂದ ಮೇಲೆ ನನ್ನನ್ನು ಕೇಳಿದ. ಇಲ್ಲಪ್ಪ. ವರ್ಷಕ್ಕೆ 52 ವಾರ, ಅದನ್ನು 12 ತಿಂಗಳಿಗೆ ಹಂಚಬೇಕು. 1,083 ಆಗುತ್ತದೆ. ಬಾಷಾ ಎಂಜಿನಿಯರ್, ಲೆಕ್ಕ ಗೊತ್ತಿಲ್ಲದವನಲ್ಲ. ಆದರೂ ಆ 83 ಎಲ್ಲಿಂದ ಬಂತು ಎಂದು ಕಾಗದದ ಮೇಲೆ ಮೂರು ಸಲ ಭಾಗಿಸಿ ನೋಡಿದ.

ಮನೆ ಕೊಡಲು ಬ್ಯಾಂಕ್ ಖಾತೆ ಕೇಳಿದರು. ಖಾತೆ ತೆರೆಯಲು ಮನೆ ವಿಳಾಸ ಕೇಳಿದರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಡಿಪಾಸಿಟ್ ವಿಷಯದಲ್ಲಿ ಮಾತ್ರ ಬೆಂಗಳೂರಿಗಿಂತ ಇದು ವಾಸಿ. 2019ರ ಕಾನೂನಿನ ಪ್ರಕಾರ ನಮ್ಮಂಥವರ ಹತ್ತಿರ ಐದು ವಾರದ ಬಾಡಿಗೆಗಿಂತ ಜಾಸ್ತಿ ಇಸಿದುಕೊಳ್ಳುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಕೊಟ್ಟು ಬಂದವನಿಗೆ ಇದು ರಿಯಾಯಿತಿಯ ಹಾಗೆ ಕಂಡಿತ್ತು. ಆದರೆ ಹೊಣೆ ಹೊರುವವರು ಒಬ್ಬರು ಬೇಕು ಎಂದರು. ಬಾಷಾ "ದಾಮಿನ್!" ಎಂದು ತಲೆ ಚಚ್ಚಿಕೊಂಡ. ನಾನು "ಜಾಮೀನು!" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದೇ ಮಾತು!

ಅವತ್ತು ರಾತ್ರಿ ಕೂತು ಪಟ್ಟಿ ಮಾಡಿದೆವು. ವಕೀಲ, ಅರ್ಜಿ, ಬಾಕಿ, ತಾಲೂಕು. ಅರಬ್ಬಿಯಿಂದ ಸುತ್ತಿ ಬಳಸಿ ನಮ್ಮಲ್ಲಿಗೆ ಬಂದ ಮಾತುಗಳಲ್ಲಿ ನೆನಪಾದವೆಲ್ಲ ಕೋರ್ಟು, ಕಚೇರಿ ಅಲೆಯುವವನವೇ. ಕೊನೆಗೆ ನಾನು 'ವಸೂಲಿ' ಎಂದಾಗ ಬಾಷಾ ಎದ್ದು ಕೂತ. ಅವರಲ್ಲಿ 'ವುಸೂಲ್' ಅಂದರೆ ಬಂದು ಸೇರುವುದು. ಏರ್‌ಪೋರ್ಟಿನಲ್ಲಿ ಇಳಿದವರು ಹೊರಗೆ ಬರುವ ಕಡೆ ಅದೇ ಬೋರ್ಡು. ಅದು ನಮ್ಮೂರಿಗೆ ಬರುವಷ್ಟರಲ್ಲಿ ಹಣ ಕೀಳುವುದಾಗಿದೆ.

"ನನಗೆ ಎರಡೂ ಒಂದೇ ದಿನ ಆಯಿತು" ಎಂದ ಬಾಷಾ.

ಸೆಕೆಂಡ್‌ಹ್ಯಾಂಡ್ ಬೀರು ತರಲು ಒಂದು ಶನಿವಾರ ವ್ಯಾನ್ ಬಾಡಿಗೆಗೆ ಹಿಡಿದೆವು. ಇಲ್ಲೂ ನಮ್ಮ ಹಾಗೆ ಎಡಕ್ಕೇ ಓಡಿಸುವುದು, ಹಾಗಾಗಿ ಸ್ಟೀರಿಂಗ್ ನನ್ನದು, ದಾರಿ ಕೇಳುವ ಕೆಲಸ ಅವನದು. ಬಾಷಾ ಕಿಟಕಿಯಿಂದ ತಲೆ ಹಾಕಿ ದಾರಿಹೋಕರೊಬ್ಬರನ್ನು ಕೇಳಿದ: "ಬಾರ್ಕಿಂಗ್ ಎಲ್ಲಿ?"

"ಇದೇ ಬಾರ್ಕಿಂಗ್ ರೋಡ್" ಎಂದರು ಅವರು.

ಅವರದೇನೂ ತಪ್ಪಿಲ್ಲ. ಬಾರ್ಕಿಂಗ್ ಎಂಬ ಊರೇ ಇದೆ. ಈಸ್ಟ್ ಹ್ಯಾಮ್ ಆದ ಮೇಲೆ ಮುಂದಿನ ಸ್ಟೇಷನ್ನೇ ಅದು. ಅಲ್ಲಿಗೆ ಹೋಗುವ ರಸ್ತೆಗೆ ಬಾರ್ಕಿಂಗ್ ರೋಡ್ ಎಂದೇ ಹೆಸರು. ಬಾಷಾ ಖುಷಿಯಿಂದ ನನ್ನ ಭುಜ ತಟ್ಟಿದ: "ಇಡೀ ರೋಡೇ ಬಾರ್ಕಿಂಗ್ ಅಂತೆ!" ನಾನೂ ಮೂರು ವರ್ಷದಿಂದ ಇಲ್ಲಿರುವವನು, ನನ್ನ ಬುದ್ಧಿ ಎಲ್ಲಿ ಹೋಗಿತ್ತೋ. ವ್ಯಾನ್ ಬದಿಗೆ ಹಚ್ಚಿದೆ. ಬೀರು ಹೊತ್ತುಕೊಂಡು ಬರುವಷ್ಟರಲ್ಲಿ ಗಾಜಿನ ಮೇಲೆ ಲಕೋಟೆ. 14 ದಿನದೊಳಗೆ ಕಟ್ಟಿದರೆ ಅರ್ಧ ದಂಡ. ಅದೇ ಆ 65. ಬಾಷಾ "ಮಅಲೇಶ್" ಎಂದ. ಹೋಗಲಿ ಬಿಡು ಎಂದರ್ಥ. ನನಗೆ ಮಾಲೀಶು ಎಂದು ಕೇಳಿಸಿತು. ಜೇಬಿಗೆ ಆದದ್ದೂ ಅದೇ.

ನಾವೇನೂ ನಗುವ ಹಾಗಿಲ್ಲ ಬಿಡಿ. ಪಾಲನ್ನು ಹಾಲು, ಪೂವನ್ನು ಹೂವು ಮಾಡಿಕೊಂಡವರು ನಾವು.

ಇದೆಲ್ಲ ಸಣ್ಣ ಪೆಟ್ಟು. ದೊಡ್ಡದು ಬಿದ್ದದ್ದು ಹೋಟೆಲಿನಲ್ಲಿ. ಬಾಷಾ ಆಫೀಸಿನವರ ಜೊತೆ ಮಧ್ಯಾಹ್ನ ಊಟಕ್ಕೆ ಹೋಗಿದ್ದ. ಎಂಟು ಜನ. ಬಿಲ್ ಬಂತು. ಹುಟ್ಟಿದಾರಭ್ಯ ಕಲಿತ ಹಾಗೆ ಬಾಷಾ ಎದೆ ಮೇಲೆ ಕೈಯಿಟ್ಟು "ಇದು ನನ್ನದು" ಎಂದ. ಕೈರೋದಲ್ಲಾದರೆ ತಕ್ಷಣ ಏಳೂ ಜನ ಎದ್ದು ನಿಲ್ಲಬೇಕು, ಆಣೆ ಹಾಕಬೇಕು, ಒಬ್ಬ ಬಿಲ್ ಕಿತ್ತುಕೊಂಡು ಗಲ್ಲಾಪೆಟ್ಟಿಗೆಯ ಹತ್ತಿರ ಓಡಬೇಕು. ದಾವಣಗೆರೆಯಲ್ಲೂ ಅಷ್ಟೇ ಅಲ್ವಾ? ನಮ್ಮ ಮಾವನವರು ಬಿಲ್ ಕೊಡಲು ಹೋಗಿ ಇನ್ನೊಬ್ಬರ ಅಂಗಿಯ ಜೇಬು ಹರಿದದ್ದು ನಾನೇ ನೋಡಿದ್ದೇನೆ. ಇಲ್ಲಿ ಏಳೂ ಜನ "ಓ, ಥ್ಯಾಂಕ್ಸ್" ಎಂದು ಕೋಟು ಹಾಕಿಕೊಂಡರು. 186 ಪೌಂಡ್.

ಈಜಿಪ್ಟಿನಲ್ಲಿ ಇದಕ್ಕೊಂದು ಹೆಸರೇ ಇದೆಯಂತೆ, ದೋಣಿಯವನ ಕರೆ. ನೈಲ್ ನದಿಯ ನಡುವೆ ದೋಣಿಯಲ್ಲಿ ಕೂತು ಊಟ ಮಾಡುವವನು ದಡದಲ್ಲಿ ನಿಂತವನಿಗೆ "ಬನ್ನಿ, ಊಟ ಮಾಡಿ" ಎಂದು ಕೂಗುತ್ತಾನೆ. ಬರಲಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ನಾವು ಬಾಯುಪಚಾರ ಅನ್ನುತ್ತೇವಲ್ಲ, ಅದೇ.

"ಇಲ್ಲಿಯವರು ಈಜಿಕೊಂಡು ಬಂದುಬಿಡುತ್ತಾರೆ ಬಾಷ್‌ಮುಹಂದಿಸ್" ಎಂದ.

ನಾನು ನನ್ನ ಕಥೆ ಹೇಳಿದೆ. ಬಂದ ಹೊಸತರಲ್ಲಿ ಒಬ್ಬರ ಮನೆಯಲ್ಲಿ "ಟೀ?" ಎಂದಾಗ "ಅಯ್ಯೋ, ಬೇಡ ಬೇಡ" ಎಂದಿದ್ದೆ. ಎರಡನೇ ಸಲ ಕೇಳುತ್ತಾರೆ ಎಂದು ಮೂರು ಗಂಟೆ ಕಾದೆ. ಆ ಮೂರು ಗಂಟೆಯಲ್ಲಿ ಅವರು ಎರಡು ಕಪ್ ಕುಡಿದರು.

ಮುಂದಿನ ವಾರ ಬಾಷಾನಿಗೆ ಮನೆಯ ನೆನಪು ಜಾಸ್ತಿಯಾಯಿತು. ಎಜ್‌ವೇರ್ ರೋಡಿನ ಅರಬ್ಬರ ಅಂಗಡಿಗೆ ಹೋಗಿ ಫ್ರೀಜ್ ಮಾಡಿದ ಮುಲೂಖಿಯಾ ತಂದ. ಸೆಣಬಿನ ಜಾತಿಯ ಸೊಪ್ಪು ಅದು, ಬೆಂದರೆ ಬೆಂಡೆಕಾಯಿಯ ಹಾಗೆ ಲೋಳೆ. ಕೊನೆಗೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ಪುಡಿಯನ್ನು ತುಪ್ಪದಲ್ಲಿ ಹುರಿದು ಚುಂಯ್ ಎಂದು ಸುರಿಯಬೇಕು. ಪಕ್ಕಾ ಒಗ್ಗರಣೆ! ಆದರೆ ಅವರಲ್ಲಿ ಇನ್ನೊಂದು ಪದ್ಧತಿ ಇದೆ. ಒಗ್ಗರಣೆ ಬೀಳುವ ಹೊತ್ತಿಗೆ ಅಡುಗೆ ಮಾಡುವವರು ಹಾವು ತುಳಿದ ಹಾಗೆ "ಹಾ!" ಎಂದು ಉಸಿರು ಎಳೆಯಬೇಕು. ಇಲ್ಲದಿದ್ದರೆ ರುಚಿ ಬರುವುದಿಲ್ಲವಂತೆ. ಅಮ್ಮ ಯಾವತ್ತೂ ತಪ್ಪಿಸಿದವರಲ್ಲ ಎಂದ.

ಬಾಷಾ ಎಳೆದ ಉಸಿರು ನಾಲ್ಕು ಮನೆಗೆ ಕೇಳುವ ಹಾಗಿತ್ತು. ಅದೇ ಕ್ಷಣಕ್ಕೆ ಹೊಗೆಯ ಅಲಾರಂ ಕಿರುಚಿತು. ನಾನು ಟವೆಲ್ ಬೀಸುತ್ತಾ ಕುರ್ಚಿ ಹತ್ತಿದೆ. ಬಾಗಿಲು ಬಡಿದ ಸದ್ದು. ತೆರೆದರೆ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ, ಕೈಯಲ್ಲಿ ಫೋನ್. ಯಾರಿಗೋ ಏನೋ ಆಗಿದೆ ಎಂದು ಆಂಬುಲೆನ್ಸ್ ಕರೆಸಲು ತಯಾರಾಗಿ ಬಂದಿದ್ದರು.

ಬಾಷಾ ಸೌಟು ಹಿಡಿದುಕೊಂಡೇ ಬಂದು, ವಿಷಯ ಹೇಳುವ ಮೊದಲು ಅಭ್ಯಾಸಬಲದಿಂದ "ಬನ್ನಿ, ಊಟ ಮಾಡಿ" ಎಂದ.

ಅಜ್ಜಿ ಬಂದರು. ಎರಡು ಸಲ ಬಡಿಸಿಕೊಂಡರು. ಮರುದಿನದ ಡಬ್ಬಿಗೆ ಎತ್ತಿಡಬೇಕೆಂದಿದ್ದದ್ದೂ ಮುಗಿಯಿತು. ಹೊರಡುವಾಗ "ನೀವಿಬ್ಬರೂ ಒಂದು ದಿನ ನಮ್ಮಲ್ಲಿಗೆ ಟೀಗೆ ಬರಲೇಬೇಕು" ಎಂದರು.

"ಅದು ಸುಮ್ನೆ ಹೇಳೋ ಮಾತು. ದಿನ ಹೇಳಿಲ್ಲ, ಗಂಟೆ ಹೇಳಿಲ್ಲ" ಎಂದೆ ನಾನು.

"ಇಲ್ಲಿಯವರು ಹೇಳಿದ ಮಾತಿಗೆ ಒಂದೇ ಅರ್ಥ. ಅದನ್ನು ಕಲಿಯಲು ನಾನು 186 ಪೌಂಡ್ ಕೊಟ್ಟಿದ್ದೇನೆ" ಎಂದ ಬಾಷಾ.

ಭಾನುವಾರ ನಾಲ್ಕು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಸ್ಬೂಸಾ ಎಂಬ ರವೆಯ ಸಿಹಿಯ ಡಬ್ಬಿ ಹಿಡಿದು ಅಜ್ಜಿಯ ಬೆಲ್ ಒತ್ತಿದೆವು. ತುಂಬ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಮೈಮೇಲೆ ಗೌನು, ತಲೆಯಲ್ಲಿ ಕೂದಲು ಸುತ್ತುವ ರೋಲರ್. ನಮ್ಮನ್ನು ನೋಡಿದರು. ಡಬ್ಬಿ ನೋಡಿದರು. ನದಿಯ ನಡುವಿನ ದೋಣಿಗೆ ಯಾರೋ ಈಜಿ ಬಂದು ಕೈಯಿಟ್ಟ ಹಾಗಿತ್ತು ಅವರ ಮುಖ.

"ಇವರೂ ದೋಣಿಯವರೇ" ಎಂದು ಬಾಷಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಅಜ್ಜಿ ಸಾವರಿಸಿಕೊಂಡು, ಬಾಗಿಲು ಅರ್ಧ ಹಿಡಿದುಕೊಂಡೇ "ಟೀ..." ಎಂದರು. ಪ್ರಶ್ನೆ ಇನ್ನೂ ಮುಗಿದಿರಲಿಲ್ಲ, ನಾವಿಬ್ಬರೂ ಒಟ್ಟಿಗೆ "ಎಸ್" ಎಂದೆವು.