ಸೇನೆ ಬಿಟ್ಟ ಪಿಸ್ತೂಲಿಗೆ ಎಷ್ಟು ಕೊಡಬಹುದು?

ಮೊನ್ನೆ ರಾತ್ರಿ ಗೆಳೆಯರೊಬ್ಬರು ಒಂದು ಫೋಟೋ ಕಳಿಸಿ, “ಬಲ್ಗೇರಿಯಾದ ಮಕಾರೋವ್ ಪಿಸ್ತೂಲು, 700 ಡಾಲರ್ ಹೇಳ್ತಿದಾರೆ, ತಗೊಳ್ಳಲಾ?” ಅಂತ ಕೇಳಿದರು. ಬೇಡ ಅಂದೆ. ಯಾಕೆ ಅಂದಿದ್ದಕ್ಕೆ ಉತ್ತರ ಬರೆಯಲು ಕೂತರೆ ಅದು ಮೆಸೇಜಿನಲ್ಲಿ ಹಿಡಿಸುವ ಹಾಗಿರಲಿಲ್ಲ. ಅಮೆರಿಕದಲ್ಲಿದ್ದು ಹಳೆಯ ಸೇನಾ ಪಿಸ್ತೂಲುಗಳ ಮೇಲೆ ಆಸೆ ಇಟ್ಟುಕೊಂಡಿರುವ ಬೇರೆಯವರೂ ಇಲ್ಲಿ ಇದ್ದೀರಿ, ಅದಕ್ಕೆ ಇಲ್ಲೇ ಬರೆಯುತ್ತಿದ್ದೇನೆ.

ಸರ್‌ಪ್ಲಸ್, ಅಂದರೆ ಸೇನೆ ತನಗೆ ಬೇಡವೆಂದು ಬಿಟ್ಟ, ಪಿಸ್ತೂಲನ್ನು ಜನ ಕೊಳ್ಳುತ್ತಿದ್ದದ್ದು ಅದು ಅಗ್ಗ ಎಂಬ ಕಾರಣಕ್ಕೆ. 1991ರಲ್ಲಿ ಸೋವಿಯತ್ ನೇತೃತ್ವದ ವಾರ್ಸಾ ಒಪ್ಪಂದದ ಸೇನಾ ಕೂಟ ಮುರಿದುಬಿತ್ತು. ಪೂರ್ವ ಯುರೋಪಿನ ಸೇನೆಗಳು ಗೋದಾಮು ಖಾಲಿ ಮಾಡತೊಡಗಿದವು, ಪೆಟ್ಟಿಗೆಗಟ್ಟಲೆ ಮಾಲು ಅಮೆರಿಕಕ್ಕೆ ಬಂತು. ಮಕಾರೋವ್ ಆಗ ನೂರೈವತ್ತು ಡಾಲರಿನ ಆಸುಪಾಸಿಗೆ ಸಿಗುತ್ತಿತ್ತು. ಏಳು ಗುಂಡಿನ ರಷ್ಯದ ನಾಗಾಂತ್ ರಿವಾಲ್ವರು ನೂರಕ್ಕೂ ಕಡಿಮೆ. ಆ ದರಕ್ಕೆ ಸ್ಪ್ರಿಂಗ್ ಸೋತಿದ್ದರೂ ಹಿಡಿ ಒಡೆದಿದ್ದರೂ ಯಾರಿಗೂ ಬೇಜಾರಿರಲಿಲ್ಲ. ಈಗ ಆ ಪೆಟ್ಟಿಗೆಗಳು ಮುಗಿದಿವೆ. ಉಳಿದ ಚೂರುಪಾರಿಗೆ ‘ಇನ್ನು ಬರೋದಿಲ್ಲ’ ಅಂತ ಹೇಳಿ ಬೆಲೆ ಕಟ್ಟುತ್ತಾರೆ. ಬರೋದಿಲ್ಲ ಅನ್ನುವುದು ನಿಜ. ಆದರೆ ವಿರಳವಾಯಿತು ಅಂದಮಾತ್ರಕ್ಕೆ ಅದರ ನಳಿಗೆ ಹೊಸದಾಗುವುದಿಲ್ಲ.

ಗುಂಡು ಹೊಡೆಯಲಿಕ್ಕೇ ಪಿಸ್ತೂಲು ಬೇಕಾದರೆ ಮಾತು ಇಲ್ಲಿಗೇ ಮುಗಿಯಿತು: ಸರ್‌ಪ್ಲಸ್ ಕೊಳ್ಳಬೇಡಿ. ಐನೂರು-ಆರುನೂರು ಡಾಲರಿಗೆ ವಾರಂಟಿ ಇರುವ ಹೊಸ ಗ್ಲಾಕ್ ಬರುತ್ತದೆ. ಅಮೆರಿಕದ ಸೇನೆ ಬಳಸುತ್ತಿದ್ದ 1911ರ ಮಾದರಿಯೇ ಬೇಕು ಅಂದರೆ ಫಿಲಿಪ್ಪೀನ್ಸ್‌ನದೋ ಟರ್ಕಿಯದೋ ಹೊಸ ಪಿಸ್ತೂಲು ಅದಕ್ಕಿಂತ ಕಡಿಮೆಗೂ ಸಿಗುತ್ತದೆ. ಮಕಾರೋವ್‌ನ ಗುಂಡು 9×18, ಎಲ್ಲೆಡೆ ಸಿಗುವ 9 ಎಂಎಂ ಪ್ಯಾರಾಬೆಲಮ್‌ಗಿಂತ ದುಬಾರಿ. ವ್ಯಾಸವೂ ಬೇರೆ, ಸುಮಾರು 9.27 ಮಿಲಿಮೀಟರ್. ಹಾಗಾಗಿ ಒಂದರ ಗುಂಡು ಇನ್ನೊಂದಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ಏಮಾರಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಗನ್ ಶೋನಲ್ಲಿ ಜೆಕೊಸ್ಲೊವಾಕಿಯಾದ ಸಿಜೆಡ್ 52 ಕಂಡೆ. 1952ರಿಂದ 54ರವರೆಗೆ ಸುಮಾರು 2 ಲಕ್ಷ ಮಾತ್ರ ಮಾಡಿದ ಪಿಸ್ತೂಲು. ಒಳಗೆ ಪುಟ್ಟ ಉರುಳೆಗಳು ನಳಿಗೆಯನ್ನೂ ಅದರ ಮೇಲೆ ಹಿಂದೆಮುಂದೆ ಜಾರುವ ಸ್ಲೈಡನ್ನೂ ಒಟ್ಟಿಗೆ ಕಚ್ಚಿ ಹಿಡಿಯುವ ಅದರ ಲಾಕಿನ ವಿನ್ಯಾಸ ನನಗೆ ಮೊದಲಿನಿಂದಲೂ ಇಷ್ಟ. ಮೈ ಹೊಚ್ಚಹೊಸದರಂತೆ ಬೂದು ಬಣ್ಣದಲ್ಲಿ ಮಿಂಚುತ್ತಿತ್ತು. 400 ಡಾಲರ್ ಎಣಿಸಿಕೊಟ್ಟೆ. ಮನೆಗೆ ತಂದು ಬಿಚ್ಚಿ ನಳಿಗೆಯನ್ನು ಬೆಳಕಿಗೆ ಹಿಡಿದಾಗ ಎದೆ ಕುಸಿಯಿತು. ಒಳಗಿನ ಸುರುಳಿ ಗೀರುಗಳ ಅಂಚು ಸವೆದು, ಉದ್ದಕ್ಕೂ ಕಪ್ಪು ಕುಳಿ.

ಇದರ ಕಾರಣ ಸರ್‌ಪ್ಲಸ್ ಕೊಳ್ಳುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಆ ಕಾಲದ ಸೇನಾ ಕಾಡತೂಸುಗಳ ಪ್ರೈಮರಿನಲ್ಲಿ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಭಾಗದಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯೊಳಗೆ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಅಂದರೆ ಒಂದು ಬಗೆಯ ಉಪ್ಪು. ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಬರೀ ಎಣ್ಣೆ ಒರೆಸಿದರೆ ಉಪ್ಪು ಕರಗುವುದಿಲ್ಲ. ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ನನ್ನ ಪಿಸ್ತೂಲಿನ ಹಿಂದಿನ ಒಡೆಯರಲ್ಲಿ ಯಾರೋ ಆ ಕೆಲಸ ಮಾಡಿರಲಿಲ್ಲ. ಹೊರಮೈ ಹೊಸದಾಗಿ ಕಂಡದ್ದಕ್ಕೂ ಕಾರಣವಿದೆ: ಇವುಗಳಲ್ಲಿ ಬಹಳಷ್ಟನ್ನು ಸೇನೆಯೇ ದುರಸ್ತಿ ಮಾಡಿ ಮರುಲೇಪ ಕೊಟ್ಟಿತ್ತು. ಲೇಪ ಹೊರಗೆ, ತುಕ್ಕು ಒಳಗೆ. ಮಾರಿದವರು ಸುಳ್ಳು ಹೇಳಲಿಲ್ಲ, ನಾನು ನಳಿಗೆ ತೋರಿಸಿ ಅಂತ ಕೇಳಲಿಲ್ಲ. ಇವತ್ತಿಗೂ ಆ ನಾನೂರು ಡಾಲರ್ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಯಾವ ಸರ್‌ಪ್ಲಸ್ಸೂ ಕೇಳಿದ ಬೆಲೆಗೆ ಯೋಗ್ಯವಲ್ಲವೇ? ಒಂದಿದೆ, ಅದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅಮೆರಿಕದ ಸೇನೆಯೇ ಬಿಟ್ಟುಕೊಟ್ಟ 1911.

ಜಾನ್ ಬ್ರೌನಿಂಗ್ ವಿನ್ಯಾಸದ ಈ ಪಿಸ್ತೂಲನ್ನು ಸೇನೆ ಒಪ್ಪಿಕೊಂಡದ್ದು 1911ರ ಮಾರ್ಚ್‌ನಲ್ಲಿ, ಇಟಲಿಯ ಬೆರೆಟ್ಟಾ ಪಿಸ್ತೂಲಿಗೆ ಜಾಗ ಬಿಟ್ಟದ್ದು 1985ರಲ್ಲಿ. ನಡುವೆ ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ. ಎರಡನೇ ಯುದ್ಧದಲ್ಲಿ ಇದನ್ನು ಅತಿ ಹೆಚ್ಚು ಮಾಡಿದ್ದು ಬಂದೂಕಿನ ಕಂಪನಿಯಲ್ಲ, ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್. ರೈಲ್ವೆ ಸಿಗ್ನಲ್ ಮಾಡುತ್ತಿದ್ದ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕೂಡ ಮಾಡಿತು. ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಬರೀ 500 ಮಾಡಿ ನಿಲ್ಲಿಸಿತು, ಅದರಲ್ಲೊಂದು ಸಿಕ್ಕರೆ ಇವತ್ತು ಹರಾಜಿನಲ್ಲಿ ಲಕ್ಷ ಡಾಲರ್ ದಾಟುವುದುಂಟು.

ಸೇನೆಯ ಗೋದಾಮಿನಲ್ಲಿ ಸುಮ್ಮನೆ ಬಿದ್ದಿದ್ದ ಈ ಪಿಸ್ತೂಲುಗಳನ್ನು 2018ರಲ್ಲಿ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ, ಜನ ಸಿಎಂಪಿ ಅನ್ನುವ ಸಂಸ್ಥೆ, ಸಾರ್ವಜನಿಕರಿಗೆ ಮಾರಲು ಶುರುಮಾಡಿತು. ವರ್ಷಕ್ಕೆ 10,000ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ಕಾನೂನಿನ ಮಿತಿ ಇತ್ತು. ಅರ್ಜಿ ಅಂಚೆಯಲ್ಲಿ ಕಳಿಸಬೇಕು, ಲಾಟರಿಯಲ್ಲಿ ಸಂಖ್ಯೆ ಬರಬೇಕು, ಹಿನ್ನೆಲೆ ತಪಾಸಣೆ ಎರಡು ಸಲ ಆಗಬೇಕಿತ್ತು. ಪಿಸ್ತೂಲಿನ ಸ್ಥಿತಿ ನೋಡಿ ಮೂರು ದರ್ಜೆ. ಮೊದಲ ಸುತ್ತಿನ ದರ: ಸರ್ವೀಸ್ ದರ್ಜೆಗೆ 1,050 ಡಾಲರ್, ಫೀಲ್ಡ್‌ಗೆ 950, ರ‍್ಯಾಕ್‌ಗೆ 850. ದರ್ಜೆ ನಿಮ್ಮ ಆಯ್ಕೆ, ಯಾವ ಕಂಪನಿಯದು ಎಂಬುದು ನಿಮ್ಮ ಅದೃಷ್ಟ.

ಆಗ ತುಂಬಾ ಜನ ಗೊಣಗಿದರು. ತುಕ್ಕು ಹಿಡಿದ ಪಿಸ್ತೂಲಿಗೆ ಎಂಟುನೂರೈವತ್ತೇ, ಅದೂ ಕೋಲ್ಟ್ ಕಂಪನಿಯ ಫ್ರೇಮಿಗೆ (ಕೆಳಗಿನ ಚೌಕಟ್ಟಿಗೆ) ರೆಮಿಂಗ್ಟನ್ ರ‍್ಯಾಂಡ್ ಸ್ಲೈಡ್ ಹಾಕಿದ ಕಲಬೆರಕೆಗೆ ಅಂತ. ಅವರ ಮಾತನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸೇನೆ ಪಿಸ್ತೂಲನ್ನು ದುರಸ್ತಿಗೆ ಕಳಿಸಿದಾಗ ಅಲ್ಲಿನವರು ಎಲ್ಲ ಬಿಚ್ಚಿ, ಒಳ್ಳೆಯ ಭಾಗ ಆರಿಸಿ, ಕೈಗೆ ಸಿಕ್ಕಿದ್ದನ್ನು ಸೇರಿಸಿ ಮತ್ತೆ ಜೋಡಿಸುತ್ತಿದ್ದರು. ರಾಕ್ ಐಲೆಂಡ್ ಶಸ್ತ್ರಾಗಾರದ ‘ಆರ್‌ಐಎ’, ಆಗಸ್ಟಾ ಶಸ್ತ್ರಾಗಾರದ ‘ಎಎ’ ಎಂಬ ಪುಟ್ಟ ಮುದ್ರೆಗಳು ಫ್ರೇಮಿನ ಮೇಲೆ ಅದಕ್ಕೇ ಇವೆ. ಕಲಬೆರಕೆ ಅನ್ನುವುದೇ ಆ ಪಿಸ್ತೂಲು ನಿಜವಾಗಿ ದುಡಿದದ್ದರ ಗುರುತು. ನನ್ನ ಪರಿಚಯದವರೊಬ್ಬರಿಗೆ ರ‍್ಯಾಕ್ ದರ್ಜೆಯದು ಬಂದಿತ್ತು. ಹೊರಗೆ ಕುಳಿಗಳಿದ್ದವು, ಹಿಡಿಯ ಒಂದು ಪಟ್ಟಿ ಬಿರುಕು ಬಿಟ್ಟಿತ್ತು. ಆದರೆ ಎಲ್ಲಿಂದ ಬಂತು ಎಂಬುದಕ್ಕೆ ಕಾಗದವಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಆದ ರೋಮಾಂಚನ ಮಿಂಚುವ ಸಿಜೆಡ್ ಹಿಡಿದಾಗ ಆಗಿರಲಿಲ್ಲ.

ನನಗೆ ಸಿಟ್ಟು ಬರುವುದು ಕಾಗದವಿಲ್ಲದ ಕಥೆಗಳ ಮೇಲೆ. ‘ಇದು ಅಜ್ಜ ಜರ್ಮನಿಯಿಂದ ತಂದ ಲೂಗರ್’ ಅಂತ ಹೇಳಿ ಸಾವಿರ ಡಾಲರ್ ಹೆಚ್ಚು ಕೇಳುತ್ತಾರೆ. ಲೂಗರ್‌ನ ಸಣ್ಣ ಭಾಗಗಳ ಮೇಲೂ ಸೀರಿಯಲ್ ಸಂಖ್ಯೆಯ ಕೊನೆಯ ಎರಡು ಅಂಕಿ ಇರುತ್ತವೆ, ಒಂದೊಂದನ್ನೂ ನೋಡಿ. ಅಂಕಿ ಹೊಂದದಿದ್ದರೆ ಬೆಲೆ ತೀರಾ ಇಳಿಯಬೇಕು. ಹೊಂದಿದರೂ ಸಾಲದು. ಸೋವಿಯತ್ ಸೇನೆ ವಶಪಡಿಸಿಕೊಂಡ ಜರ್ಮನ್ ಪಿಸ್ತೂಲುಗಳನ್ನು ಬಿಚ್ಚಿ, ಹೊಸ ಲೇಪದಲ್ಲಿ ಅದ್ದಿ, ಸಂಖ್ಯೆಗಳನ್ನು ಮತ್ತೆ ಹೊಡೆದದ್ದಿದೆ. ಇನ್ನು, ಆಮದುದಾರನ ಹೆಸರು ಪಿಸ್ತೂಲಿನ ಮೇಲೆ ಕೆತ್ತಿದ್ದರೆ ಅಜ್ಜನ ಕಥೆ ಅಲ್ಲಿಗೇ ನಿಂತಿತು, ಏಕೆಂದರೆ ಸೈನಿಕ ಚೀಲದಲ್ಲಿ ತಂದದ್ದಕ್ಕೆ ಆ ಗುರುತು ಬೀಳುವುದಿಲ್ಲ. ಸೋವಿಯತ್ ಸೇನೆಯ ಟೋಕರೆವ್ ಪಿಸ್ತೂಲಿಗೆ ಮೂಲದಲ್ಲಿ ಸೇಫ್ಟಿ ಗುಂಡಿಯೇ ಇರಲಿಲ್ಲ. ಇಲ್ಲಿಯ ಆಮದು ನಿಯಮಕ್ಕಾಗಿ ಆಮೇಲೆ ಕೊರೆದು ಸೇರಿಸಿದ್ದು ಅದು. ಅಂಥದ್ದಕ್ಕೆ ‘ಅಪ್ಪಟ ಮೂಲ’ ಎಂಬ ಬೆಲೆ ಕೊಡಬೇಡಿ.

ಹೇಳಿದ ಬೆಲೆಯ ಮೇಲೆ ಸಾಗಣೆ, ಡೀಲರ್ ವರ್ಗಾವಣೆ ಶುಲ್ಕ, ಹೊಸ ಸ್ಪ್ರಿಂಗ್, ಗುಂಡು ತುಂಬುವ ಇನ್ನೊಂದೆರಡು ಮ್ಯಾಗಜೀನ್ ಎಲ್ಲ ಸೇರುತ್ತದೆ. 50 ವರ್ಷ ದಾಟಿದ ಪಿಸ್ತೂಲುಗಳನ್ನೇ ಕೂಡಿಸುವವರು ಸಂಗ್ರಾಹಕರ ಲೈಸೆನ್ಸ್ ಮಾಡಿಸಿಕೊಳ್ಳಿ. ಮೂರು ವರ್ಷಕ್ಕೆ 30 ಡಾಲರ್, ಡೀಲರ್ ಶುಲ್ಕ ಉಳಿದು ಒಂದೇ ಖರೀದಿಯಲ್ಲಿ ಹುಟ್ಟುತ್ತದೆ. ರಾಜ್ಯದ ಕಾನೂನು ಮಾತ್ರ ಮೊದಲು ನೋಡಿಕೊಳ್ಳಿ.

ಈಗ ಗೆಳೆಯರ ಮಕಾರೋವ್. ನನಗೂ ಅದು ಅಚ್ಚುಮೆಚ್ಚಿನ ಪಿಸ್ತೂಲು. ಬಿಡಿಭಾಗ ಕಡಿಮೆ, ಕೆಡುವುದು ಅಪರೂಪ, ನಳಿಗೆ ಫ್ರೇಮಿಗೇ ಕೂತಿರುವುದರಿಂದ ಗುರಿಯೂ ಚೆನ್ನ. ಆದರೆ ಫೋಟೋದಲ್ಲಿ ಆಮದುದಾರನ ಹೆಸರು ದೊಡ್ಡದಾಗಿ ಕಾಣುತ್ತಿದೆ, ಮ್ಯಾಗಜೀನ್ ಒಂದೇ ಇದೆ, ಕಾಗದ ಯಾವುದೂ ಇಲ್ಲ. ನನ್ನ ಲೆಕ್ಕದಲ್ಲಿ ನಳಿಗೆ ಹೊಳೆಯುತ್ತಿದ್ದರೆ 450, ಕಪ್ಪಾಗಿದ್ದರೆ ಮುಟ್ಟುವುದೇ ಬೇಡ. ಶನಿವಾರ ಬೆಳಿಗ್ಗೆ ಇಬ್ಬರೂ ಹೋಗಿ ನೋಡುತ್ತೇವೆ. ಈ ಸಲ ಸಣ್ಣ ಟಾರ್ಚ್ ನನ್ನ ಜೇಬಿನಲ್ಲೇ ಇರುತ್ತದೆ.